ಬಿಸಿಲ ನಾಡಿನ ಕತ್ತಲೆ ಕೋಣೆ

ಫಿಲ್ಮ್ ಫೋಟೊಗ್ರಫಿಯ ಸಾಮಾನು ಎರಡು ಬಗೆಯದು. ಕ್ಯಾಮೆರಾ, ಲೆನ್ಸು, ರೀಲು ಬೆಳಕಿನಲ್ಲಿ ಬಳಸುವಂಥವು. ರೀಲು ತೊಳೆಯುವ ಡಬ್ಬಿ, ಡೆವಲಪರ್, ಹೈಪೊ, ಎನ್‌ಲಾರ್ಜರ್, ಬ್ರೋಮೈಡ್ ಪೇಪರ್, ಕೆಂಪು ದೀಪ ಕತ್ತಲಲ್ಲಿ ಬಳಸುವಂಥವು. ತಾಲ್ಲೂಕು ಕೇಂದ್ರಗಳ ಸ್ಟುಡಿಯೊಗಳಲ್ಲಿ ಒಂದು ಕಾಲಕ್ಕೆ ಈ ಎರಡೂ ಬಗೆಯ ಸಾಮಾನು ದಿನನಿತ್ಯದ ಬಳಕೆಯಲ್ಲಿದ್ದವು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅವು ಮೂಲೆ ಸೇರಿದವು. ಈಗ ಹೊಸ ತಲೆಮಾರಿನ ಆಸಕ್ತರು ಅವನ್ನೇ ಮತ್ತೆ ಹುಡುಕಿ ಕೊಳ್ಳುತ್ತಿದ್ದಾರೆ. ಕೊಳ್ಳುವಾಗ ಬಹುಪಾಲು ಜನರ ಲಕ್ಷ್ಯ ಕ್ಯಾಮೆರಾದ ಮೇಲೆಯೇ ಇರುತ್ತದೆ. ಆದರೆ ಚಿತ್ರದ ಹಣೆಬರಹ ನಿರ್ಧಾರವಾಗುವುದು ಕತ್ತಲೆ ಕೋಣೆಯಲ್ಲಿ. ವಿಜಯಪುರ ಜಿಲ್ಲೆಯ ಸಿಂದಗಿಯಂಥ ಊರಿನಲ್ಲಿ ಈ ಮಾತು ಇನ್ನೂ ನಿಜ. ಇಲ್ಲಿನ ಬಿಸಿಲು, ಗಡಸು ನೀರು, ಎರೆಭೂಮಿಯ ದೂಳು ಮೂರೂ ಫಿಲ್ಮ್ ಕೆಲಸವನ್ನು ನೇರವಾಗಿ ತಟ್ಟುತ್ತವೆ. ಯಾವ ಸಾಮಾನು ಕೊಳ್ಳಬೇಕು, ಹೇಗೆ ಬಳಸಬೇಕು ಎಂಬುದನ್ನು ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನಿಸಬೇಕಾಗುತ್ತದೆ.

ಹಳೆಯ ನಂಟು

ಈ ಸೀಮೆಗೂ ಫೋಟೊಗ್ರಫಿಗೂ ಇರುವ ನಂಟು ಬಹಳ ಹಳೆಯದು. ಫ್ರಾನ್ಸಿನ ಡಗೇರ್ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ಅದಾಗಿ ಹದಿನಾರೇ ವರ್ಷಕ್ಕೆ, 1855ರಲ್ಲಿ, ಮುಂಬಯಿ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್ ಸರ್ಕಾರಿ ಛಾಯಾಗ್ರಾಹಕನಾಗಿ ನೇಮಕಗೊಂಡು ವಿಜಯಪುರ, ಬಾದಾಮಿ, ಐಹೊಳೆಯ ಕಟ್ಟಡಗಳ ಚಿತ್ರ ತೆಗೆದ. ಆಗ ಫಿಲ್ಮ್ ಇನ್ನೂ ಹುಟ್ಟಿರಲಿಲ್ಲ. ಬೆಳ್ಳಿಯ ಲವಣ ಲೇಪಿಸಿದ ಕಾಗದವೇ ನೆಗೆಟಿವ್ ಆಗಿತ್ತು. ಕಾಗದವನ್ನು ಸಿದ್ಧಪಡಿಸುವುದು, ಬಿಸಿಲಿನಲ್ಲಿ ಚಿತ್ರ ಹಿಡಿಯುವುದು, ಆಮೇಲೆ ಕತ್ತಲಲ್ಲಿ ಅದನ್ನು ಮೂಡಿಸುವುದು, ಎಲ್ಲವನ್ನೂ ಹೋದ ಊರಿನಲ್ಲಿ ಸಿಕ್ಕ ನೀರಿನಿಂದಲೇ ಮಾಡಬೇಕಿತ್ತು. ಬಿಗ್ಸ್ ಸೈನ್ಯಕ್ಕೆ ಮರಳಿದ ಮೇಲೆ ಡಾ. ಪಿಗೌ ಆ ಕೆಲಸವನ್ನು ಮುಂದುವರಿಸಿದ. 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನ ವಿಜಯಪುರದ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಸಂಪುಟವನ್ನೂ, ಧಾರವಾಡ ಮತ್ತು ಮೈಸೂರು ಸೀಮೆಯ ಬಗ್ಗೆ ಇನ್ನೊಂದನ್ನೂ ಹೊರತಂದಿತು. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳು ನೂರಾ ಎಪ್ಪತ್ತು ವರ್ಷಗಳ ಹಿಂದೆ ಹೇಗಿದ್ದವು ಎಂಬುದನ್ನು ಇಂದು ಕಾಣಲು ಸಾಧ್ಯವಾಗಿರುವುದು ಆ ಕೆಲಸದಿಂದ.

ಕರ್ನಾಟಕದಲ್ಲಿ ಮುಂದೆ ಈ ಕಲೆ ಸೊಗಸಾಗಿ ಬೆಳೆಯಿತು. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ಬದುಕನ್ನು ಕಪ್ಪು-ಬಿಳುಪಿನಲ್ಲಿ ಹಿಡಿದು 1977ರಲ್ಲಿ ಪದ್ಮಶ್ರೀ ಪಡೆದರು. ಸಂಡೂರಿನ ಎಂ.ವೈ. ಘೋರ್ಪಡೆ ವನ್ಯಜೀವಿಗಳ ಕಪ್ಪು-ಬಿಳುಪು ಚಿತ್ರಗಳಿಗೆ ಹೆಸರಾದರು. ಅವರ ಚಿತ್ರಗಳ ಪುಸ್ತಕ 1983ರಲ್ಲಿ ಪ್ರಕಟವಾಯಿತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಬೆಂಗಳೂರಿನಿಂದ ಕಾಡಿಗೆ ಹೋಗಿ ಚಿತ್ರ ತಂದವರು.

ಸಣ್ಣ ಊರುಗಳಲ್ಲಿ ಇದೇ ವಿದ್ಯೆ ಹೊಟ್ಟೆಪಾಡಿನ ಕಸುಬಾಗಿತ್ತು. ಪಾಸ್‌ಪೋರ್ಟ್ ಸೈಜಿನ ಚಿತ್ರ, ಮದುವೆಯ ಚಿತ್ರ, ಶಾಲೆಯ ಗುಂಪು ಚಿತ್ರ, ಜಾತ್ರೆಯಲ್ಲಿ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿದ ಚಿತ್ರ, ಎಲ್ಲವೂ ಸ್ಟುಡಿಯೊದ ಹಿಂದಿನ ಚಿಕ್ಕ ಕತ್ತಲೆ ಕೋಣೆಯಲ್ಲಿ ಮೂಡುತ್ತಿದ್ದವು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಎಂಬ ಹೆಸರಿನಲ್ಲಿ ರೀಲು, ಪೇಪರ್, ಎಕ್ಸ್‌ರೇ ಫಿಲ್ಮ್ ಒದಗಿಸುತ್ತಿತ್ತು. ಆ ಕಾರ್ಖಾನೆ ನಷ್ಟಕ್ಕೆ ಸಿಲುಕಿ ಮುಚ್ಚಿದ ಮೇಲೆ ಭಾರತದ ಆಸಕ್ತರು ಹೊಸ ರೀಲಿಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಆಮದನ್ನೇ ನೆಚ್ಚಬೇಕಾಯಿತು. ಇಂದಿನ ಬೆಲೆಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಬೆಳ್ಳಿಯ ಕೆಲಸ

ಏನು ಕೊಳ್ಳಬೇಕು ಎಂದು ತಿಳಿಯಲು ರೀಲಿನೊಳಗೆ ಏನು ನಡೆಯುತ್ತದೆ ಎಂದು ಮೊದಲು ತಿಳಿಯಬೇಕು. ತೆಳುವಾದ ಪಾರದರ್ಶಕ ಪಟ್ಟಿಯ ಮೇಲೆ ಜೆಲಾಟಿನ್ ಲೇಪವಿರುತ್ತದೆ. ಆ ಲೇಪದಲ್ಲಿ ಸಿಲ್ವರ್ ಬ್ರೋಮೈಡಿನ ಅತಿ ಸಣ್ಣ ಹರಳುಗಳು ಹರಡಿಕೊಂಡಿರುತ್ತವೆ. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬಿಡಿಯಾಗುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಹರಳಿನಲ್ಲಿ ಗುರುತು ಬಿದ್ದಿರುತ್ತದೆ. ಡೆವಲಪರ್ ಆ ಗುರುತು ಬಿದ್ದ ಹರಳುಗಳನ್ನು ಹುಡುಕಿ ಇಡಿಯಾಗಿ ಕಪ್ಪು ಬೆಳ್ಳಿಯನ್ನಾಗಿ ಮಾಡುತ್ತದೆ. ಬೆಳಕು ತಾಗದ ಹರಳುಗಳನ್ನು ಹೈಪೊ ಕರಗಿಸಿ ತೆಗೆಯುತ್ತದೆ. ಹೈಪೊಗೆ ಬೆಳ್ಳಿಯ ಲವಣ ಕರಗಿಸುವ ಗುಣವಿದೆ ಎಂದು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಫೋಟೊಗ್ರಫಿ ಹುಟ್ಟಿದ ಮೇಲೆ ಅದೇ ಅದರ ಬೆನ್ನೆಲುಬಾಯಿತು.

ಕಪ್ಪು-ಬಿಳುಪು ನೆಗೆಟಿವ್ ಎಂದರೆ ಜೆಲಾಟಿನ್ನಿನಲ್ಲಿ ಉಳಿದ ಬೆಳ್ಳಿಯೇ. ಚೆನ್ನಾಗಿ ತೊಳೆದು ಒಣಗಿಸಿಟ್ಟರೆ ಅದು ತಲೆಮಾರುಗಟ್ಟಲೆ ಬಾಳುತ್ತದೆ. ಫಿಲ್ಮಿನ ಬೆಲೆ ಬೆಳ್ಳಿಯ ಬೆಲೆಯ ಏರಿಳಿತಕ್ಕೆ ಅಂಟಿಕೊಂಡಿರುವುದೂ ಇದೇ ಕಾರಣಕ್ಕೆ.

ಕ್ಯಾಮೆರಾ ಕೊಳ್ಳುವಾಗ

ಹೊಸ ಫಿಲ್ಮ್ ಕ್ಯಾಮೆರಾಗಳು ಬೆರಳೆಣಿಕೆಯಷ್ಟು ಮಾತ್ರ. 2024ರಲ್ಲಿ ಪೆಂಟ್ಯಾಕ್ಸ್ ‘17’ ಎಂಬ ಅರ್ಧ ಫ್ರೇಮಿನ ಹೊಸ ಕ್ಯಾಮೆರಾ ಬಂದಾಗ ಲೋಕದೆಲ್ಲೆಡೆ ಸುದ್ದಿಯಾದದ್ದು ಅಂಥ ಘಟನೆ ಅಪರೂಪವಾದ್ದರಿಂದಲೇ. ಉಳಿದಂತೆ ಕೊಳ್ಳುವವರೆಲ್ಲ ಸೆಕೆಂಡ್ ಹ್ಯಾಂಡ್ ಮಾಲಿಗೆ ಮೊರೆಹೋಗುತ್ತಾರೆ. ಭಾರತದ ಸ್ಟುಡಿಯೊಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಯಾಶಿಕಾ, ನಿಕಾನ್, ಪೆಂಟ್ಯಾಕ್ಸ್, ಸೋವಿಯತ್ ದೇಶದ ಜೆನಿಟ್, ಚೀನಾದ ಸೀಗಲ್ ಕ್ಯಾಮೆರಾಗಳು ಈಗಲೂ ಸಿಗುತ್ತವೆ. 1976ರಿಂದ 1997ರವರೆಗೆ ತಯಾರಾದ ಪೆಂಟ್ಯಾಕ್ಸ್ ಕೆ1000, 1982ರಲ್ಲಿ ಬಂದ ನಿಕಾನ್ ಎಫ್‌ಎಂ2 ಕಲಿಯುವವರಿಗೆ ಬಹಳ ಒಳ್ಳೆಯವು. ಇವುಗಳ ಶಟರ್ ಪೂರ್ತಿ ಯಾಂತ್ರಿಕವಾದ್ದರಿಂದ ಬ್ಯಾಟರಿ ಮುಗಿದರೂ ಕೆಲಸ ನಿಲ್ಲುವುದಿಲ್ಲ. ವಡೋದರಾದಲ್ಲಿ ತಯಾರಾಗುತ್ತಿದ್ದ ಆಗ್‌ಫಾ ಕ್ಲಿಕ್ 3 ಮನೆಮನೆಯ ಪೆಟ್ಟಿಗೆಗಳಲ್ಲಿ ಇನ್ನೂ ಉಳಿದಿದೆ. ಅದಕ್ಕೆ ಹಾಕುವ 120 ಅಳತೆಯ ರೀಲು ಈಗಲೂ ತಯಾರಾಗುತ್ತಿದೆ. ಒಂದು ರೀಲಿನಲ್ಲಿ ಚೌಕಾಕಾರದ ಹನ್ನೆರಡು ಚಿತ್ರ ಬರುತ್ತವೆ.

ಕೊಳ್ಳುವ ಮೊದಲು ಪರೀಕ್ಷಿಸಬೇಕಾದ ಅಂಶಗಳು ಇವು. ಹಿಂಬದಿಯ ಬಾಗಿಲು ತೆರೆದು, ಒಂದು ಸೆಕೆಂಡಿನಿಂದ ಹಿಡಿದು ಎಲ್ಲ ವೇಗಗಳಲ್ಲೂ ಶಟರ್ ಒತ್ತಿ ನೋಡಬೇಕು. ಬಹಳ ಕಾಲ ಬಳಸದೆ ಇಟ್ಟ ಕ್ಯಾಮೆರಾದಲ್ಲಿ ನಿಧಾನದ ವೇಗಗಳು ಸಿಕ್ಕಿಹಾಕಿಕೊಳ್ಳುತ್ತವೆ. ಲೆನ್ಸಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಬೂಸ್ಟು, ಮಬ್ಬು, ಗೀರು ಕಾಣುತ್ತವೆ. ಅಂಚಿನಲ್ಲಿ ಜೇಡರ ಬಲೆಯಂತೆ ಹರಡಿದ ಬೂಸ್ಟು ಇದ್ದರೆ ಆ ಲೆನ್ಸು ಬೇಡ. ಬಾಗಿಲಿನ ಸುತ್ತ ಬೆಳಕು ತಡೆಯಲು ಅಂಟಿಸಿದ ಸ್ಪಂಜು ಹಳೆಯ ಕ್ಯಾಮೆರಾಗಳಲ್ಲಿ ಅಂಟಂಟಾಗಿ ಪುಡಿಯಾಗಿರುತ್ತದೆ. ಅದನ್ನು ಕೆರೆದು ಹೊಸದು ಹಾಕುವುದು ಸುಲಭ, ಆದರೆ ಹಾಕದಿದ್ದರೆ ಸಿಂದಗಿಯ ಬಿಸಿಲಿನಲ್ಲಿ ಪ್ರತಿ ಚಿತ್ರದ ಮೇಲೂ ಬೆಳಕಿನ ಬರೆ ಬೀಳುತ್ತದೆ. 1960, 70ರ ದಶಕದ ಎಷ್ಟೋ ಕ್ಯಾಮೆರಾಗಳ ಬೆಳಕಿನ ಮೀಟರು ಪಾದರಸದ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಆ ಬ್ಯಾಟರಿ ಈಗ ಮಾರಾಟದಲ್ಲಿಲ್ಲ. ಕಿವಿಯ ಯಂತ್ರಕ್ಕೆ ಹಾಕುವ ಸತು-ಗಾಳಿಯ ಬಿಲ್ಲೆ ಬ್ಯಾಟರಿಯ ವೋಲ್ಟೇಜು ಅದಕ್ಕೆ ಸಮೀಪವಾಗಿದ್ದು, ಬದಲಿಯಾಗಿ ಒಗ್ಗುತ್ತದೆ.

ಮೀಟರ್ ಕೆಟ್ಟಿದ್ದರೂ ಚಿಂತೆಯಿಲ್ಲ. ಲೆನ್ಸಿನ ಬಾಯಿಯನ್ನು 16ಕ್ಕೆ ಇಟ್ಟು, ಶಟರನ್ನು ಫಿಲ್ಮಿನ ವೇಗದ, ಅಂದರೆ ಅದು ಬೆಳಕಿಗೆ ಸ್ಪಂದಿಸುವ ಚುರುಕಿನ, ಅಂಕಿಗೆ ಹತ್ತಿರ ಇಟ್ಟರೆ ನಿಚ್ಚಳ ಬಿಸಿಲಿನಲ್ಲಿ ಅಳತೆ ಸರಿಹೋಗುತ್ತದೆ. 100 ವೇಗದ ಫಿಲ್ಮಿಗೆ ಸೆಕೆಂಡಿನ 125ನೇ ಒಂದು ಪಾಲು ಸಾಕು. ವರ್ಷದ ಹೆಚ್ಚು ದಿನ ಆಕಾಶ ತಿಳಿಯಾಗಿರುವ ಈ ಸೀಮೆಯಲ್ಲಿ ಈ ಲೆಕ್ಕ ಬಹುಮಟ್ಟಿಗೆ ಕೈಕೊಡುವುದಿಲ್ಲ. ನೆರಳಿಗೆ ಬಂದರೆ ಎರಡು ಮೂರು ಮೆಟ್ಟಿಲು ಬೆಳಕು ಹೆಚ್ಚು ಕೊಡಬೇಕು.

ಯಾವ ರೀಲು?

ಕಪ್ಪು-ಬಿಳುಪು ರೀಲು ತಯಾರಿಸುವ ದೊಡ್ಡ ಸಂಸ್ಥೆಗಳು ಮೂರು. ಇಂಗ್ಲೆಂಡಿನ ಮೊಬರ್ಲಿಯಲ್ಲಿ ಹಾರ್ಮನ್ ಸಂಸ್ಥೆ ಇಲ್ಫರ್ಡ್ ಮತ್ತು ಕೆಂಟ್‌ಮಿಯರ್ ರೀಲುಗಳನ್ನು ಮಾಡುತ್ತದೆ. ಇಲ್ಫರ್ಡ್ 2004ರಲ್ಲಿ ದಿವಾಳಿಯ ಅಂಚಿಗೆ ಬಂದಾಗ ಅದರ ವ್ಯವಸ್ಥಾಪಕರೇ ಸೇರಿ ಕೊಂಡು ಉಳಿಸಿಕೊಂಡರು. ಅಮೆರಿಕದ ರಾಚೆಸ್ಟರಿನಲ್ಲಿ ಕೊಡಾಕ್ ಇದೆ. 2012ರಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೋದರೂ ಅದು ಫಿಲ್ಮ್ ತಯಾರಿಕೆಯನ್ನು ಬಿಡಲಿಲ್ಲ. ಮೂರನೆಯದು ಝೆಕ್ ದೇಶದಲ್ಲಿ 1921ರಿಂದ ಇರುವ ಫೋಮಾ. ಕೆಂಟ್‌ಮಿಯರ್, ಫೋಮಾ ರೀಲುಗಳ ಬೆಲೆ ಕಡಿಮೆಯಿರುವುದರಿಂದ ಕಲಿಕೆಗೆ ಅವೇ ಮೇಲು.

ವೇಗದ ಆಯ್ಕೆ ಊರಿನ ಬೆಳಕನ್ನು ಅವಲಂಬಿಸುತ್ತದೆ. ಮಲೆನಾಡಿನ ಕಾಡಿನಲ್ಲಿ 400 ವೇಗದ ರೀಲು ಬೇಕಾಗಬಹುದು. ಸಿಂದಗಿ, ಇಂಡಿ ತಾಲ್ಲೂಕುಗಳ ಬಯಲಿನಲ್ಲಿ ಅದೇ ರೀಲಿಗೆ ನಡುಹಗಲಿನ ಬಿಸಿಲು ಅತಿಯಾಗುತ್ತದೆ. ಶಟರ್ 500ಕ್ಕಿಂತ ಮೇಲೆ ಹೋಗದ ಹಳೆಯ ಕ್ಯಾಮೆರಾದಲ್ಲಿ ಲೆನ್ಸನ್ನು 16ರವರೆಗೆ ಕಿರಿದು ಮಾಡಲೇಬೇಕಾಗುತ್ತದೆ, ಬೇರೆ ಆಯ್ಕೆ ಉಳಿಯುವುದಿಲ್ಲ. ಹೊರಗಿನ ಕೆಲಸಕ್ಕೆ 100 ವೇಗದ್ದು, ಮನೆಯೊಳಗಿನ ಮತ್ತು ಸಂಜೆಯ ಕೆಲಸಕ್ಕೆ 400 ವೇಗದ್ದು ಇಟ್ಟುಕೊಂಡರೆ ಸಾಕಾಗುತ್ತದೆ. ಹಳದಿ ಅಥವಾ ಕಿತ್ತಳೆ ಫಿಲ್ಟರೊಂದನ್ನು ಕೊಂಡರೆ ಈ ಬಯಲಿನ ನೀಲಿ ಆಕಾಶ ಚಿತ್ರದಲ್ಲಿ ಬೆಳ್ಳಗೆ ಮಾಸಿಹೋಗದೆ ಮೋಡ ಎದ್ದು ಕಾಣುತ್ತದೆ.

ಒಂದೇ ಬಗೆಯ ರೀಲನ್ನು ನೂರು ಅಡಿಯ ಸುರುಳಿಯಾಗಿ ಕೊಂಡು, ಲೋಡರ್ ಎಂಬ ಡಬ್ಬಿಯಿಂದ ಖಾಲಿ ಕ್ಯಾಸೆಟ್ಟುಗಳಿಗೆ ತುಂಬಿಕೊಂಡರೆ ಖರ್ಚು ಇಳಿಯುತ್ತದೆ. ಒಂದು ಸುರುಳಿಯಿಂದ 36 ಚಿತ್ರಗಳ ಸುಮಾರು ಹದಿನೆಂಟು ರೀಲು ಸಿಗುತ್ತವೆ. ಸಿನಿಮಾ ಫಿಲ್ಮಿನ ತುಂಡುಗಳನ್ನು ಹೀಗೆ ತುಂಬಿ ಮಾರುವವರೂ ಇದ್ದಾರೆ. ಕೊಡಾಕಿನ ಬಣ್ಣದ ಸಿನಿಮಾ ನೆಗೆಟಿವ್‌ಗಳಲ್ಲಿ ಹಿಂಬದಿಗೆ ಇದ್ದಿಲಿನ ಕಪ್ಪು ಲೇಪವಿರುವುದು ಇತ್ತೀಚಿನವರೆಗೂ ರೂಢಿಯಾಗಿತ್ತು. ಅಂಥ ಫಿಲ್ಮನ್ನು ಮಾಮೂಲಿ ಬಣ್ಣದ ಲ್ಯಾಬಿಗೆ ಕೊಟ್ಟರೆ ಆ ಲೇಪ ಯಂತ್ರದ ದ್ರಾವಣಗಳನ್ನೆಲ್ಲ ಕೆಡಿಸುತ್ತದೆ. ಕೊಳ್ಳುವ ಮೊದಲೇ ಇದನ್ನು ವಿಚಾರಿಸಬೇಕು.

ರೀಲನ್ನು ತರಿಸುವುದು, ಇಡುವುದು ಬೇಸಿಗೆಯಲ್ಲಿ ಎಚ್ಚರದ ಕೆಲಸ. ಮೇ ತಿಂಗಳಿನಲ್ಲಿ ಇಲ್ಲಿನ ಹಗಲ ತಾಪ 40 ಡಿಗ್ರಿ ಮುಟ್ಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಅದು ಇನ್ನೂ ಮೇಲೇರುತ್ತದೆ. ಕಾವಿಗೆ ಫಿಲ್ಮ್ ಮಂಕಾಗುತ್ತದೆ, ಬಣ್ಣದ ರೀಲಿನ ಬಣ್ಣಗಳ ಹೊಂದಾಣಿಕೆ ತಪ್ಪುತ್ತದೆ. ಹೊಸ ರೀಲನ್ನು ಡಬ್ಬಿ ಸಮೇತ ಬಿಗಿಯಾದ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬೇಕು. ಹೊರತೆಗೆದ ಮೇಲೆ ಒಂದೆರಡು ತಾಸು ಬಿಟ್ಟು ಡಬ್ಬಿ ತೆರೆಯಬೇಕು. ಇಲ್ಲದಿದ್ದರೆ ತಣ್ಣನೆಯ ಫಿಲ್ಮಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ.

ಕತ್ತಲೆ ಎಲ್ಲಿ ಸಿಗುತ್ತದೆ?

ರೀಲು ತೊಳೆಯಲು ಕೋಣೆಯೇ ಬೇಕೆಂದಿಲ್ಲ. ಎರಡು ತೋಳುಗಳಿರುವ ಕಪ್ಪು ಬಟ್ಟೆಯ ಚೇಂಜಿಂಗ್ ಬ್ಯಾಗಿನೊಳಗೆ ರೀಲನ್ನು ಸುರುಳಿಗೆ ಸುತ್ತಿ ಡಬ್ಬಿಗೆ ಹಾಕಿ ಮುಚ್ಚಿದರೆ ಮುಂದಿನದೆಲ್ಲ ಬೆಳಕಿನಲ್ಲೇ ನಡೆಯುತ್ತದೆ. ಪ್ಯಾಟರ್ಸನ್ ಮಾದರಿಯ ಪ್ಲಾಸ್ಟಿಕ್ ಡಬ್ಬಿಗೆ 35 ಮಿ.ಮೀ. ರೀಲು ತೊಳೆಯಲು ಸುಮಾರು 300 ಮಿ.ಲೀ. ದ್ರಾವಣ ಸಾಕು. 120 ರೀಲಿಗೆ ಅರ್ಧ ಲೀಟರ್ ಬೇಕು. ಸುರುಳಿಯಲ್ಲಿ ಒಂದು ಹನಿ ತೇವ ಇದ್ದರೂ ಫಿಲ್ಮ್ ಸಿಕ್ಕಿಕೊಳ್ಳುತ್ತದೆ. ಬೆವರುವ ಕೈಗಳಿಂದ ನಡುಮಧ್ಯಾಹ್ನ ಈ ಕೆಲಸಕ್ಕೆ ಕೂರಬಾರದು. ಹಳೆಯ ಹಾಳಾದ ರೀಲೊಂದನ್ನು ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ ಸುತ್ತಿ ಕೈ ಪಳಗಿಸಿಕೊಳ್ಳಬೇಕು.

ಪ್ರಿಂಟ್ ಮಾಡಲು ಮಾತ್ರ ಕೋಣೆ ಬೇಕೇ ಬೇಕು. ಈ ವಿಷಯದಲ್ಲಿ ಬಯಲುಸೀಮೆಯ ಹಳೆಯ ಮಾಳಿಗೆ ಮನೆ ವರವಿದ್ದಂತೆ. ದಪ್ಪ ಮಣ್ಣಿನ ಗೋಡೆ, ಮಣ್ಣು ಹೊದಿಸಿದ ಮಾಳಿಗೆ, ಚಿಕ್ಕ ಬೆಳಕಿಂಡಿ, ಈ ಮೂರೂ ಸೇರಿ ಒಳಗಿನ ಕೋಣೆಯನ್ನು ಹಗಲಿನಲ್ಲೂ ಕತ್ತಲೆಯಾಗಿ, ತಂಪಾಗಿ ಇಡುತ್ತವೆ. ಬೆಳಕಿಂಡಿಗೆ ಕಪ್ಪು ರಟ್ಟು, ಬಾಗಿಲಿಗೆ ದಪ್ಪ ಕೌದಿ ಹಾಕಿದರೆ ಆಯಿತು. ಕಾಂಕ್ರೀಟಿನ ಮನೆಯಲ್ಲಾದರೆ ರಾತ್ರಿ ಹೊತ್ತು ಬಚ್ಚಲ ಕೋಣೆಯೇ ಡಾರ್ಕ್ ರೂಮ್ ಆಗುತ್ತದೆ. ಒಳಗೆ ಹತ್ತು ನಿಮಿಷ ಕೂತು ಕಣ್ಣು ಕತ್ತಲಿಗೆ ಒಗ್ಗಿದ ಮೇಲೂ ಸಂದಿಯಲ್ಲಿ ಬೆಳಕು ಕಾಣದಿದ್ದರೆ ಕೋಣೆ ಸಿದ್ಧವಾದಂತೆ. ರಾಸಾಯನಿಕಗಳ ಆವಿ ಹೊರಹೋಗಲು ಬೆಳಕು ಬಾರದಂತೆ ಗಾಳಿಯ ದಾರಿಯೊಂದನ್ನು ಬಿಡಬೇಕು.

ನೀರು ಮತ್ತು ಬಿಸಿ

ಫಿಲ್ಮ್ ತೊಳೆಯುವ ಎಲ್ಲ ಅಳತೆಗಳೂ ಶುದ್ಧ ನೀರು ಮತ್ತು 20 ಡಿಗ್ರಿ ತಾಪ ಇದೆ ಎಂದೇ ಹೊರಡುತ್ತವೆ. ವಿಜಯಪುರ ಜಿಲ್ಲೆಯಲ್ಲಿ ಎರಡೂ ತಾವಾಗಿ ಸಿಗುವುದಿಲ್ಲ. ಡೋಣಿ ನದಿಯ ನೀರು ಉಪ್ಪಾಗಿರುವುದು ಈ ಸೀಮೆಯ ಎಲ್ಲರಿಗೂ ಗೊತ್ತು. ಅನೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿನ ಸುಣ್ಣದಂಶ ಡೆವಲಪರಿನ ರಾಸಾಯನಿಕಗಳೊಡನೆ ಸೇರಿ ಕೆನೆಯಂಥ ಬಿಳಿ ಪುಡಿಯಾಗಿ ಫಿಲ್ಮಿಗೆ ಅಂಟುತ್ತದೆ. ಒಣಗುವಾಗ ನೀರಿನ ಹನಿಯ ಕಲೆ ಉಳಿಯುತ್ತದೆ. ಇದಕ್ಕೆ ಪರಿಹಾರ ಊರೂರಿನಲ್ಲೂ ಇದೆ. ಕೆಲವೇ ರೂಪಾಯಿಗೆ ಕೊಡ ತುಂಬಿಕೊಡುವ ಶುದ್ಧ ಕುಡಿಯುವ ನೀರಿನ ಘಟಕಗಳ ನೀರು ಡೆವಲಪರ್ ಬೆರೆಸಲು ಸಾಕಷ್ಟು ಒಳ್ಳೆಯದು. ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇನ್ನೂ ಮೇಲು.

ತಾಪದ ವಿಷಯ ಇನ್ನೂ ಸೂಕ್ಷ್ಮ. ಕಾವು ಹೆಚ್ಚಿದಷ್ಟೂ ಡೆವಲಪರ್ ಚುರುಕಾಗುತ್ತದೆ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ರೀಲಿಗೆ ಡಿ-76 ಎಂಬ ಡೆವಲಪರಿನ ಬೆರಕೆಯಿಲ್ಲದ ದ್ರಾವಣದಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ಬೇಕು. 24 ಡಿಗ್ರಿಗೆ ಐದೂವರೆ ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಫಿಲ್ಮಿನ ಮೇಲೆ ಸಮನಾಗಿ ಕೆಲಸ ನಡೆಯದೆ ಪಟ್ಟೆಗಳು ಬೀಳುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ದ್ರಾವಣಕ್ಕೆ ಸಮಸಮ ನೀರು ಬೆರೆಸಿ ತೆಳುವಾಗಿಸುವುದು ಒಳ್ಳೆಯ ದಾರಿ. ಆಗ 20 ಡಿಗ್ರಿಯ ಸಮಯ ಹನ್ನೊಂದು ನಿಮಿಷಕ್ಕೆ ಏರುತ್ತದೆ. 24 ಡಿಗ್ರಿಯಲ್ಲೂ ಸುಮಾರು ಎಂಟು ನಿಮಿಷ ಉಳಿಯುತ್ತದೆ.

ನೀರು ತಂಪು ಮಾಡಲು ಹರವಿಗಿಂತ ಒಳ್ಳೆಯ ಸಾಧನ ಈ ನಾಡಿನಲ್ಲಿಲ್ಲ. ಮಣ್ಣಿನ ಮೈಯಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಹರವಿಯ ನೀರನ್ನು ಅಗಲವಾದ ಬೋಗುಣಿಗೆ ಹಾಕಿ, ದ್ರಾವಣದ ಬಾಟಲಿಗಳನ್ನೂ ಡಬ್ಬಿಯನ್ನೂ ಅದರಲ್ಲಿ ನಿಲ್ಲಿಸಿ, ಬೇಕಾದರೆ ಸುತ್ತಲಿನ ನೀರಿಗೆ ಐಸ್ ಹಾಕಬೇಕು. ಡೆವಲಪರಿಗೇ ಐಸ್ ಹಾಕಿದರೆ ಅದು ತೆಳುವಾಗಿ ಲೆಕ್ಕ ತಪ್ಪುತ್ತದೆ. ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಹೈಪೊ, ತೊಳೆಯುವ ನೀರು ಎಲ್ಲದರ ತಾಪವೂ ಒಂದಕ್ಕೊಂದು ಎರಡು ಮೂರು ಡಿಗ್ರಿಯೊಳಗೆ ಇರಬೇಕು. ತಂಪಿನಿಂದ ಬಿಸಿಗೆ ಥಟ್ಟನೆ ಹೋದರೆ ಮೆತ್ತಗಾದ ಜೆಲಾಟಿನ್ ಬಿರಿದು, ಬತ್ತಿದ ಕೆರೆಯ ತಳದಂತೆ ಚಿತ್ರವೆಲ್ಲ ಸೀಳುಸೀಳಾಗುತ್ತದೆ. ಹೀಗಾಗಿ ಈ ಊರಿನಲ್ಲಿ ಕೊಳ್ಳುವ ಸಾಮಾನುಗಳಲ್ಲಿ ನಂಬಿಗಸ್ತ ಥರ್ಮಾಮೀಟರಿಗೆ ಮೊದಲ ಸ್ಥಾನ. ಬೇಸಿಗೆಯಲ್ಲಿ ನಸುಕಿನ ಹೊತ್ತು ಕೆಲಸಕ್ಕೆ ಅತ್ಯಂತ ಯೋಗ್ಯ.

ಮದ್ದುಗಳು

ಸಿದ್ಧ ಪೊಟ್ಟಣಗಳಲ್ಲಿ ಬರುವ ಡೆವಲಪರ್ ತರಿಸಬಹುದು, ಮನೆಯಲ್ಲೇ ಬೆರೆಸಲೂಬಹುದು. 1920ರ ದಶಕದಲ್ಲಿ ಕೊಡಾಕ್ ಸಂಸ್ಥೆ ರೂಪಿಸಿದ ಡಿ-76ರ ಸೂತ್ರ ಬಹಿರಂಗವಾಗಿಯೇ ಇದೆ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಬೊರಾಕ್ಸ್ ಎಂದರೆ ಅಕ್ಕಸಾಲಿಗರು ಬಳಸುವ ಬಿಳಿಗಾರವೇ. ಉಳಿದವು ಕಾಲೇಜುಗಳ ಪ್ರಯೋಗಶಾಲೆಗೆ ರಾಸಾಯನಿಕ ಪೂರೈಸುವ ಅಂಗಡಿಗಳಲ್ಲಿ ಸಿಗುತ್ತವೆ. ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಕರಗುವುದಿಲ್ಲ. ಆದ್ದರಿಂದ ಬೆಚ್ಚನೆಯ ನೀರಿಗೆ ಚಿಟಿಕೆ ಸಲ್ಫೈಟ್ ಹಾಕಿ, ಮೆಟಾಲ್ ಕರಗಿಸಿ, ಆಮೇಲೆ ಉಳಿದ ಸಲ್ಫೈಟ್, ಹೈಡ್ರೊಕ್ವಿನೋನ್, ಬಿಳಿಗಾರ ಹಾಕಬೇಕು. ಒಂದು ದಿನ ಬಿಟ್ಟು ಬಳಸಿದರೆ ಒಳ್ಳೆಯದು. ತೂಕಕ್ಕೆ ಚಿನ್ನ ಬೆಳ್ಳಿ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ದ್ರಾವಣವನ್ನು ಕಂದು ಬಾಟಲಿಯಲ್ಲಿ ಕಂಠಮಟ್ಟ ತುಂಬಿ ಗಾಳಿಯಾಡದಂತೆ ಮುಚ್ಚಿಡಬೇಕು. ಕಾಫಿ ಬಣ್ಣಕ್ಕೆ ತಿರುಗಿದ ಡೆವಲಪರನ್ನು ಚೆಲ್ಲಿಬಿಡಬೇಕು.

ಅಪರೂಪಕ್ಕೆ ತೊಳೆಯುವವರಿಗೆ 1891ರಿಂದ ಬಳಕೆಯಲ್ಲಿರುವ ರೋಡಿನಾಲ್ ಅನುಕೂಲ. ಅದರ ಗಟ್ಟಿ ದ್ರಾವಣ ವರ್ಷಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ಕೆಲವೇ ಮಿ.ಲೀ. ತೆಗೆದು ನೀರಿಗೆ ಬೆರೆಸಿದರಾಯಿತು. 1995ರಲ್ಲಿ ರಾಚೆಸ್ಟರಿನ ತಂತ್ರಜ್ಞಾನ ಸಂಸ್ಥೆಯೊಂದರ ತರಗತಿಯಲ್ಲಿ ಇನ್‌ಸ್ಟಂಟ್ ಕಾಫಿ ಮತ್ತು ವಾಷಿಂಗ್ ಸೋಡಾದಿಂದ ಫಿಲ್ಮ್ ತೊಳೆಯಬಹುದೆಂದು ತೋರಿಸಿದರು. ವಿಟಮಿನ್ ಸಿ ಪುಡಿ ಸೇರಿಸಿದರೆ ಅದು ಇನ್ನಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಶಾಲಾ ಮಕ್ಕಳಿಗೆ ರಸಾಯನಶಾಸ್ತ್ರ ತೋರಿಸಲು ಇದಕ್ಕಿಂತ ಸೊಗಸಾದ ಪ್ರಯೋಗ ಸಿಗುವುದು ಕಷ್ಟ.

ಡೆವಲಪರಿನ ಕೆಲಸ ನಿಲ್ಲಿಸಲು ಒಂದೆರಡು ಶೇಕಡದ ಅಸೆಟಿಕ್ ಆಮ್ಲ, ಅಂದರೆ ತೆಳುಮಾಡಿದ ಬಿಳಿ ವಿನೆಗರ್ ಸಾಕು. ಅನಂತರ ಹೈಪೊ. ಹೈಪೊ ಇನ್ನೂ ಗಟ್ಟಿಯಾಗಿದೆಯೋ ಇಲ್ಲವೋ ಎಂದು ನೋಡಲು ಫಿಲ್ಮಿನ ಚಿಕ್ಕ ತುಂಡನ್ನು ಅದರಲ್ಲಿ ಅದ್ದಿ, ಅದು ತಿಳಿಯಾಗಲು ಎಷ್ಟು ಹೊತ್ತು ಬೇಕೆಂದು ಎಣಿಸಬೇಕು. ಅದರ ಎರಡರಷ್ಟು ಹೊತ್ತು ರೀಲನ್ನು ಹೈಪೊದಲ್ಲಿ ಬಿಟ್ಟರೆ ಸಾಕು. ಹಳೆಯ ಸ್ಟುಡಿಯೊಗಳಲ್ಲಿ ಬೇಸಿಗೆಗೆ ಹೈಪೊಗೆ ಪಟಿಕ ಸೇರಿಸಿ ಜೆಲಾಟಿನ್ ಗಟ್ಟಿಮಾಡುವ ಪದ್ಧತಿಯಿತ್ತು. ಅದರಿಂದ ಫಿಲ್ಮ್ ಉಳಿಯುತ್ತದೆ, ಆದರೆ ಹೈಪೊ ಬಿಟ್ಟುಹೋಗಲು ಹೆಚ್ಚು ಹೊತ್ತು, ಹೆಚ್ಚು ನೀರು ಬೇಕಾಗುತ್ತದೆ.

ನೀರಿನ ಬರ ಇರುವ ಕಡೆ ಇಲ್ಫರ್ಡ್ ಸೂಚಿಸಿದ ತೊಳೆಯುವ ಕ್ರಮ ತುಂಬ ಉಪಕಾರಿ. ನಲ್ಲಿ ಬಿಟ್ಟು ಅರ್ಧ ತಾಸು ಹರಿಸುವ ಬದಲು, ಡಬ್ಬಿಗೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಒಂದು ಲೀಟರಿನೊಳಗೆ ರೀಲು ಚೊಕ್ಕವಾಗುತ್ತದೆ. ಪಟಿಕ ಹಾಕದ ಹೈಪೊಗೆ ಮಾತ್ರ ಈ ಕ್ರಮ ಹೊಂದುತ್ತದೆ. ಆದ್ದರಿಂದ ಇಂದಿನ ಫಿಲ್ಮುಗಳಿಗೆ ಪಟಿಕ ಬಿಟ್ಟು, ನೀರು ತಂಪು ಮಾಡುವುದರ ಕಡೆ ಗಮನ ಕೊಡುವುದೇ ಲಾಭ. ಒಣಗಲು ತೂಗುಹಾಕುವ ಮುನ್ನ ಬಚ್ಚಲಲ್ಲಿ ನೀರು ಚಿಮುಕಿಸಿ ದೂಳು ಕೂರಿಸಬೇಕು. ಗಾಳಿ ಬೀಸುವ ತಿಂಗಳುಗಳಲ್ಲಿ ಎರೆಮಣ್ಣಿನ ಕಣವೊಂದು ಹಸಿ ಜೆಲಾಟಿನ್ನಿಗೆ ಅಂಟಿದರೆ ಮತ್ತೆ ಬಿಡುವುದಿಲ್ಲ.

ಬಳಸಿದ ಹೈಪೊದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಬಾವಿ, ಹಳ್ಳ, ಹೊಲದ ಕಡೆ ಚೆಲ್ಲಬಾರದು. ಕ್ಯಾನಿನಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಕೊಡಬಹುದು. ಆಸ್ಪತ್ರೆಗಳ ಎಕ್ಸ್‌ರೇ ಹೈಪೊ ಕೊಳ್ಳುವವರು ಇದನ್ನೂ ಕೊಳ್ಳುತ್ತಾರೆ. ಉಕ್ಕಿನ ನಾರಿನ ಮೂಲಕ ಹಾಯಿಸಿದರೆ ಬೆಳ್ಳಿ ಕೆಸರಾಗಿ ಕೂರುತ್ತದೆ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಗವಸು ಬೇಕು. ಅಡುಗೆಮನೆಯ ಪಾತ್ರೆ, ಚಮಚೆಗಳನ್ನು ಈ ಕೆಲಸಕ್ಕೆ ತರಬಾರದು. ಪ್ರತಿ ಬಾಟಲಿಯ ಮೇಲೆ ಹೆಸರು, ತಾರೀಖು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಎನ್‌ಲಾರ್ಜರ್ ಮತ್ತು ಪೇಪರ್

ಎನ್‌ಲಾರ್ಜರ್ ಹೊಸದಾಗಿ ಕೊಳ್ಳುವ ಅಗತ್ಯ ಬಹುಮಟ್ಟಿಗೆ ಬರುವುದಿಲ್ಲ. ಸ್ಟುಡಿಯೊಗಳ ಅಟ್ಟದ ಮೇಲೆ ದೂಳು ಹಿಡಿದು ಕೂತವು ಇನ್ನೂ ಇವೆ. ಕಂಬ ಅಲುಗದಿರಬೇಕು, ನೆಗೆಟಿವ್ ಹಿಡಿಯುವ ಚೌಕಟ್ಟು ಸಮವಾಗಿರಬೇಕು, ಒಳಗಿನ ಗಾಜುಗಳಲ್ಲಿ ಬೂಸ್ಟು ಇರಬಾರದು. 35 ಮಿ.ಮೀ. ನೆಗೆಟಿವಿಗೆ 50 ಮಿ.ಮೀ. ಲೆನ್ಸು, 120ರ ಚೌಕ ನೆಗೆಟಿವಿಗೆ 75 ಅಥವಾ 80 ಮಿ.ಮೀ. ಲೆನ್ಸು ಬೇಕು. ವಿದ್ಯುತ್ತಿನ ವೋಲ್ಟೇಜು ಏರಿಳಿದರೆ ದೀಪದ ಬೆಳಕೂ ಏರಿಳಿದು ಒಂದು ಪ್ರಿಂಟಿನಂತೆ ಇನ್ನೊಂದು ಬರುವುದಿಲ್ಲ. ಟಿ.ವಿ., ಫ್ರಿಜ್ಜಿಗೆ ಹಾಕುವ ಸ್ಟೆಬಿಲೈಜರನ್ನೇ ಇದಕ್ಕೂ ಹಾಕಬೇಕು.

ಖರ್ಚಿನ ದೊಡ್ಡ ಪಾಲು ಪೇಪರಿಗೆ ಹೋಗುತ್ತದೆ. ಫಿಲ್ಟರ್ ಬದಲಿಸಿ ಕಾಂಟ್ರಾಸ್ಟ್ ಹೆಚ್ಚು ಕಡಿಮೆ ಮಾಡಬಹುದಾದ ಮಲ್ಟಿಗ್ರೇಡ್ ಪೇಪರ್ ಕೊಂಡರೆ ಒಂದೇ ಡಬ್ಬಿಯಲ್ಲಿ ಎಲ್ಲ ಬಗೆಯ ನೆಗೆಟಿವಿಗೂ ಕೆಲಸವಾಗುತ್ತದೆ. ಪ್ಲಾಸ್ಟಿಕ್ ಲೇಪದ ಪೇಪರ್ ಎರಡು ನಿಮಿಷದಲ್ಲಿ ತೊಳೆದು ಮುಗಿಯುತ್ತದೆ. ಹಳೆಯ ಬಗೆಯ ಶುದ್ಧ ಕಾಗದದ್ದು ನೋಡಲು ಗಂಭೀರ, ಆದರೆ ಒಂದು ತಾಸಿನವರೆಗೆ ತೊಳೆಯಬೇಕಾಗುತ್ತದೆ. ನೀರು ಕಡಿಮೆಯಿರುವ ಊರಿನಲ್ಲಿ ದಿನಬಳಕೆಗೆ ಮೊದಲನೆಯದೇ ಸರಿ. ಇಡೀ ಹಾಳೆ ಬಳಸುವ ಮೊದಲು ಬೆರಳಗಲದ ಪಟ್ಟಿಯೊಂದಕ್ಕೆ ಐದೈದು ಸೆಕೆಂಡು ಹೆಚ್ಚಿಸುತ್ತ ಬೆಳಕು ಕೊಟ್ಟು, ತೊಳೆದು, ಯಾವ ಸಮಯ ಸರಿ ಎಂದು ನೋಡಿಕೊಳ್ಳುವುದು ಪ್ರಿಂಟಿಂಗಿನ ಮೊದಲ ಪಾಠ. ಹಳೆಯ ಸ್ಟುಡಿಯೊದಲ್ಲಿ ಸಿಕ್ಕ ಪೇಪರಿನ ಡಬ್ಬಿಯಿಂದ ಬೆಳಕು ತಾಗದ ಒಂದು ತುಂಡನ್ನು ಡೆವಲಪರಿಗೆ ಹಾಕಿ ನೋಡಬೇಕು. ಬೂದಿಬಣ್ಣ ಬಂದರೆ ಅದು ಕೆಟ್ಟಿದೆ ಎಂದರ್ಥ. ಡೆವಲಪರಿಗೆ ಪೊಟ್ಯಾಸಿಯಂ ಬ್ರೋಮೈಡ್ ಸ್ವಲ್ಪ ಸೇರಿಸಿದರೆ ಕೆಲವೊಮ್ಮೆ ಅಂಥದೂ ಬಳಕೆಗೆ ಬರುತ್ತದೆ.

ಆಸ್ಪತ್ರೆಯ ಸಾಮಾನು ಪೂರೈಸುವವರಲ್ಲಿ ಸಿಗುವ ಎಕ್ಸ್‌ರೇ ಫಿಲ್ಮನ್ನು ದೊಡ್ಡ ಕ್ಯಾಮೆರಾಗಳಿಗೆ, ಸೂಜಿರಂಧ್ರದ ಕ್ಯಾಮೆರಾಗಳಿಗೆ ಹೊಂದುವಂತೆ ಕತ್ತರಿಸಿ ಬಳಸುವವರಿದ್ದಾರೆ. ಅದು ಕೆಂಪು ಬೆಳಕನ್ನು ಗುರುತಿಸುವುದಿಲ್ಲವಾದ್ದರಿಂದ ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತ ತೊಳೆಯಬಹುದು. ಎರಡೂ ಮೈಗೆ ಲೇಪವಿರುವ ಕಾರಣ ಬೇಗ ಗೀರು ಬೀಳುತ್ತದೆ.

ನೆಗೆಟಿವಿನ ಕಪಾಟು

ಕೊಳ್ಳುವ ಪಟ್ಟಿಯ ಕೊನೆಗೆ ಬರುವುದು, ಬಹುತೇಕರು ಮರೆಯುವುದು, ನೆಗೆಟಿವ್ ಇಡುವ ಕವರುಗಳು. ಪಾಲಿಪ್ರೊಪಿಲೀನಿನ ಅಥವಾ ಆಮ್ಲವಿಲ್ಲದ ಕಾಗದದ ಕವರು ಬಳಸಬೇಕು. ಪಿವಿಸಿ ಕವರು ಕಾವಿಗೆ ಅಂಟಿಕೊಂಡು ಚಿತ್ರ ಕೆಡಿಸುತ್ತದೆ. ಐದಾರು ಚಿತ್ರದ ಪಟ್ಟಿಗಳಾಗಿ ಕತ್ತರಿಸಿ, ಊರು, ದಿನ, ಚಿತ್ರದಲ್ಲಿರುವವರ ಹೆಸರು ಬರೆದು, ಗೋಡೆಗೆ ತಾಗದಂತೆ ಇಟ್ಟ ಕಬ್ಬಿಣದ ಕಪಾಟಿನಲ್ಲಿ ಜೋಡಿಸಬೇಕು. ಹಳೆಯ ಫಿಲ್ಮಿನ ಪೆಟ್ಟಿಗೆ ತೆರೆದಾಗ ವಿನೆಗರಿನ ಘಾಟು ಬಂದರೆ ಅದರ ಅಸಿಟೇಟ್ ಪಟ್ಟಿ ಕೊಳೆಯತೊಡಗಿದೆ ಎಂದು ತಿಳಿದು, ಬೇರೆ ನೆಗೆಟಿವ್‌ಗಳಿಂದ ದೂರವಿಟ್ಟು, ಬೇಗ ಸ್ಕ್ಯಾನ್ ಮಾಡಿಕೊಳ್ಳಬೇಕು. ಬಿಳಿ ಎಲ್‌ಇಡಿ ಫಲಕದ ಮೇಲೆ ನೆಗೆಟಿವ್ ಇಟ್ಟು ಡಿಜಿಟಲ್ ಕ್ಯಾಮೆರಾದಿಂದ ಮ್ಯಾಕ್ರೊ ಲೆನ್ಸಿನಲ್ಲಿ ತೆಗೆದರೆ ಒಳ್ಳೆಯ ಪ್ರತಿ ಸಿಗುತ್ತದೆ.

ಈ ಶಿಸ್ತು ಹೊಸ ರೀಲಿಗಷ್ಟೇ ಅಲ್ಲದೆ ಹಳೆಯದಕ್ಕೂ ಬೇಕು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಸ್ಟುಡಿಯೊ ಮುಚ್ಚುವಾಗ ಎನ್‌ಲಾರ್ಜರ್ ಕೊಳ್ಳಲು ಹೋದವರು ಪಕ್ಕದ ನೆಗೆಟಿವ್ ಪೆಟ್ಟಿಗೆಗಳನ್ನೂ ವಿಚಾರಿಸಬೇಕು. ಬೆಳ್ಳಿಯ ಆಸೆಗೆ ಮಾರಿದರೆ ಅಥವಾ ತಿಪ್ಪೆಗೆ ಎಸೆದರೆ ಒಂದು ಊರಿನ ಮದುವೆ, ಜಾತ್ರೆ, ಉಡುಗೆ, ಮುಖಗಳ ದಾಖಲೆ ಅಲ್ಲಿಗೆ ಮುಗಿಯುತ್ತದೆ. ಮಾಲೀಕರ ಮತ್ತು ಚಿತ್ರದಲ್ಲಿರುವ ಕುಟುಂಬಗಳ ಒಪ್ಪಿಗೆ ಪಡೆದು ಅವನ್ನು ಕವರಿಗೆ ಹಾಕಿ, ಹೆಸರು ಬರೆದು ಊರಿನ ಗ್ರಂಥಾಲಯ ಅಥವಾ ಕಾಲೇಜಿನಲ್ಲಿ ಇಡಬಹುದು. ಬೆಂಗಳೂರಿನಲ್ಲಿ 2023ರಲ್ಲಿ ಸಾರ್ವಜನಿಕರಿಗೆ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯ ಸಂಗ್ರಹದಲ್ಲಿ ಛಾಯಾಚಿತ್ರಕ್ಕೆ ದೊಡ್ಡ ಸ್ಥಾನವಿದೆ. ಅಂಥದೇ ಕಾಳಜಿಯ ಚಿಕ್ಕ ರೂಪ ತಾಲ್ಲೂಕು ಮಟ್ಟದಲ್ಲಿ ಆಗಲು ಬೇಕಾಗುವುದು ಒಂದು ಕಪಾಟು, ಒಂದಿಷ್ಟು ಕವರು ಮತ್ತು ಹೆಸರು ಬರೆಯಲು ಒಂದು ಪೆನ್ಸಿಲು.